ಹುಲ್ಲು ತುಂಬಿದ ಕರು

ಕೆಂದಿ ಎಂಬ ಹಸುವಿನ ಕರು ಸತ್ತಿತು. ಹಾಲು ನಿಲ್ಲಬಾರದೆಂದು ಯಜಮಾನ ಕರುವಿನ ಚರ್ಮಕ್ಕೆ ಹುಲ್ಲು ತುಂಬಿಸಿ ಅವಳೆದುರು ನಿಲ್ಲಿಸಿದ. “ನಿನ್ನ ಕರು ಚೆನ್ನಾಗಿಯೇ ಇದೆ, ನೆಕ್ಕಮ್ಮ” ಎಂದಿತು ಕೊಟ್ಟಿಗೆಯ ಮುದಿ ಹಸು. ಉಳಿದ ಹಸುಗಳೂ ತಲೆಯಾಡಿಸಿದವು. ಕೆಂದಿ ಮೂರು ದಿನ ನೆಕ್ಕಿದಳು. ವಾಸನೆ ಮಗುವಿನದೇ, ಒಳಗೆ ಮಾತ್ರ ಹುಲ್ಲು ಸರಸರ ಎನ್ನುತ್ತಿತ್ತು.

ನಾಲ್ಕನೆಯ ದಿನ ಪಕ್ಕದ ಕೊಟ್ಟಿಗೆಯ ಎಮ್ಮೆ ಬಂತು. ಎಮ್ಮೆ ಬಾಯಿಟ್ಟ ಬಾನಿಯಲ್ಲಿ ಈ ಹಸುಗಳು ನೀರು ಕುಡಿಯುತ್ತಿರಲಿಲ್ಲ.

“ಅಕ್ಕಾ, ನಿನ್ನ ಕರು ಸತ್ತಿದೆ” ಎಂದಿತು ಎಮ್ಮೆ. “ಹೋದ ವರ್ಷ ನನ್ನ ಮುಂದೆಯೂ ಇಂಥದ್ದನ್ನೇ ನಿಲ್ಲಿಸಿದ್ದರು.”

ಕೆಂದಿ ಮೊದಲ ಸಲ ಬಾಯಿಬಿಟ್ಟು ಅತ್ತಳು. ಎಮ್ಮೆ ಅವಳ ಪಕ್ಕದಲ್ಲೇ ಮಲಗಿತು.

ಮುದಿ ಹಸು ಸಿಡುಕಿತು: “ಎಮ್ಮೆಯ ಮುಂದೆ ಅಳುವುದೇ? ನಮ್ಮ ಮಾನ ಏನಾಗಬೇಕು? ಅಟ್ಟು ಅದನ್ನು!”

“ಮಾನ ಅಂತೆ!” ಕೆಂದಿ ಎದ್ದು ನಿಂತಳು. “ನೀವು ನನ್ನವರು, ಮೂರು ದಿನ ನನಗೆ ಹುಲ್ಲು ನೆಕ್ಕಿಸಿದಿರಿ. ಇವಳು ಹೊರಗಿನವಳು, ಬಂದ ಕೂಡಲೇ ನಿಜ ಹೇಳಿದಳು. ಯಾರನ್ನು ಅಟ್ಟಲಿ?”

ಅವಳು ನೇರವಾಗಿ ಹೋಗಿ ಎಮ್ಮೆಯ ಬಾನಿಗೆ ಬಾಯಿಟ್ಟಳು.

ಸ್ವಲ್ಪ ಹೊತ್ತಾದ ಮೇಲೆ ಮುದಿ ಹಸು ಮೆಲ್ಲಗೆ ಬಂದು ಎಮ್ಮೆಯ ಮತ್ತೊಂದು ಪಕ್ಕದಲ್ಲಿ ಮಲಗಿತು.

“ನನ್ನ ಮುಂದೆಯೂ ನಿಲ್ಲಿಸಿದ್ದರು. ನನ್ನದು ಹೆಣ್ಣು ಕರುವಾಗಿತ್ತು” ಎಂದಿತು.