ಬೂರುಗದ ಬೀಜದ ಅರ್ಜಿ

ಬೂರುಗದ ಬೀಜವೊಂದಕ್ಕೆ ಹೊಳೆಯಾಚೆಯ ದೇಶ ನೋಡುವ ಆಸೆ. ದಡ ಕಾಯುವ ಕೊಕ್ಕರೆಗೆ ಅರ್ಜಿ ಕೊಟ್ಟಿತು: "ಒಂದೇ ಒಂದು ಬೇಸಿಗೆ ಇದ್ದು ಬರುತ್ತೇನೆ."

"ತಿರುಗಿ ಬರುತ್ತೀಯೆಂದು ಏನು ಖಾತ್ರಿ? ಈ ದಡದಲ್ಲಿ ನಿನಗೆ ಬೇರುಗಳಿವೆಯೇ?"

"ಇಲ್ಲ."

"ಮೊದಲು ಬೇರೂರಿ ತೋರಿಸು."

ಬೀಜ ಅಲ್ಲೇ ಮಣ್ಣಿಗಿಳಿಯಿತು. ಹತ್ತು ವರ್ಷವಾದ ಮೇಲೆ ಕೊಕ್ಕರೆಯನ್ನು ಕರೆದು ಬೇರುಗಳನ್ನು ತೋರಿಸಿತು. ಕೊಕ್ಕರೆ ಕುಕ್ಕಿ ನೋಡಿ, "ಭದ್ರವಾಗಿವೆ. ಅನುಮತಿ ಕೊಟ್ಟಿದ್ದೇನೆ, ಹೊರಡು" ಎಂದಿತು.

ಮರ ಹೊರಡಲಾರದೆ, ಹೊಳೆಯ ಮೇಲೊಂದು ಕೊಂಬೆ ಚಾಚಿ ನಿಂತಿತು.

ಆ ಬೇಸಿಗೆಯಲ್ಲಿ ಅದರ ಕಾಯೊಡೆದು, ಹತ್ತಿ ಹೊತ್ತ ಬೀಜವೊಂದು ಕೊಕ್ಕರೆಯ ಮುಂದೆ ಬಂದಿಳಿಯಿತು.

"ನೀನು ತಿರುಗಿ ಬರುತ್ತೀಯೆಂದು ಏನು ಖಾತ್ರಿ?" ಎಂದು ಕೊಕ್ಕರೆ ಕೇಳಿತು.

ಬೀಜ ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಮರ ಹೇಳಿತು: "ಅದರ ತಾಯಿ ನಾನು. ನಾನೆಲ್ಲಿಗೂ ಹೋಗುವುದಿಲ್ಲ, ಬರೆದುಕೋ."