ಹವಾಲ್ದಾರನ ಗಡ್ಡ

ಕ್ಷೌರದ ಚನ್ನವೀರಜ್ಜ ಒಮ್ಮೆ ಬರೀ ಕತ್ತಿಯಿಂದ ಒಂದು ವಿಚ್ಛೇದನ ಬಗೆಹರಿಸಿದ್ದನಂತೆ. ಸಾಕ್ಷಿ ಕೇಳಿದರೆ, ಗಂಡ, ಹೆಂಡತಿ, ವಕೀಲರು ಎಲ್ಲರೂ ತೀರಿಹೋದರು ಅನ್ನುತ್ತಾನೆ.

ಆ ಗಂಡ ಹವಾಲ್ದಾರ ಬಸಲಿಂಗಪ್ಪ. ಕ್ಷೌರದ ಕುರ್ಚಿಯಲ್ಲಿ ಕೂತು ಗುಡುಗಿದ: "ಆಕಿಗೆ ಹೊಲಿಗಿ ಮಿಷನ್ ಸುದ್ದಾ ಕೊಡಂಗಿಲ್ಲ. ಹತ್ತು ವರ್ಷ ಕೋರ್ಟಿಗೆ ಅಲೀಲಿ."

ಹೆಂಡತಿ ಕಾಶವ್ವನ ಹೊಟ್ಟೆಪಾಡು ಆ ಮಿಷನ್ನಿನ ಮೇಲೇ ಇತ್ತು. ಅಜ್ಜ ಆಕೆಯನ್ನು ಅಂಗಡಿಗೇ ಕರೆಸಿದ. ಹವಾಲ್ದಾರನ ಮುಖಕ್ಕೆಲ್ಲ ಸೋಪು ಬಳಿದು, ಗಂಟಲ ಮೇಲೆ ಕತ್ತಿ ಇಟ್ಟ.

"ಸಾಹೇಬ್ರ, ಈಗ ಬಾಯಿ ಅಲುಗಾಡಿಸಬ್ಯಾಡ್ರಿ, ಕೊಯ್ತದ. ತಂಗೀ, ನೀ ಹೇಳವ್ವ."

ಕಾಶವ್ವ ಅರ್ಧ ತಾಸು ಹೇಳಿದಳು. ಹನ್ನೆರಡು ವರ್ಷದಲ್ಲಿ ಗಂಡ ಆಕೆಯ ಮಾತನ್ನು ಕೊನೆತನಕ ಕೇಳಿದ್ದು ಅವತ್ತೇ. ಆಮೇಲೆ ಅಜ್ಜ ಆಕೆಯ ಬಾಯಿ ತುಂಬ ಎಲೆಅಡಿಕೆ ಕೊಟ್ಟು, "ಅಂಗಡ್ಯಾಗ ಉಗುಳಬ್ಯಾಡವ್ವ" ಎಂದ. ಹವಾಲ್ದಾರನ ಮುಖ ಒರೆಸಿದ. "ಈಗ ನೀವು ಹೇಳ್ರಿ."

"ಮಿಷನ್ ಒಯ್ಯಲಿ," ಎಂದ ಹವಾಲ್ದಾರ ಮೆಲ್ಲಗೆ. "ಅಂಗಿ ಗುಂಡಿ ಹಚ್ಚಿಸಾಕ ಅಷ್ಟ ಬರ್ತೀನಿ."

ಇಬ್ಬರೂ ಅಲ್ಲೇ ವಿಚ್ಛೇದನದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರು.

ಅಜ್ಜನ ಈ ಕಥೆ ಕೇಳುತ್ತ ಕೂತಿದ್ದ ಶಾಲೆಯ ಮಾಸ್ತರರು ನಕ್ಕರು. "ಅಜ್ಜಾ, ಪೊಲೀಸರು ದಿನಾ ಗಡ್ಡ ಮಾಡ್ಕೋತಾರ. ಅರ್ಧ ತಾಸು ಹೆರೆಯೋವಷ್ಟು ಗಡ್ಡ ಎಲ್ಲಿಂದ ಬಂತು?"

ಅಜ್ಜ ಭುಜ ಹಾರಿಸಿದ. "ಹನ್ನೆರಡು ವರ್ಷದ ಮಾತು ಕೇಳೂದ್ರಾಗ ಬೆಳೀತ್ರಿ, ಮಾಸ್ತರ."