ಹಿಂಬದಿಯ ಹಲಗೆ

"ಗುರುಗಳೇ, ಒಬ್ಬ ಮನುಷ್ಯ ಕಳ್ಳನೆಂದು ಖಚಿತವಾಗಲು ಇನ್ನೆಷ್ಟು ಪುರಾವೆ ಬೇಕು?" ಎಂದು ಶಿಷ್ಯ ಮಹಾಂತ ಕೇಳಿದ.

ಆಶ್ರಮದ ಉಗ್ರಾಣ ನೋಡಿಕೊಳ್ಳುತ್ತಿದ್ದ ಚನ್ನವೀರನ ಮೇಲೆ ಅವನಿಗೆ ಒಂದು ತಿಂಗಳಿಂದ ಗುಮಾನಿ.

"ಏನು ಕಳೆದಿದೆ?" ಎಂದರು ಗುರುಗಳು.

"ಏನೂ ಕಳೆದಿಲ್ಲ. ಅಕ್ಕಿ, ಬೇಳೆ, ತುಪ್ಪ ಎಲ್ಲವೂ ಸರಿಯಾಗಿದೆ. ಅಷ್ಟು ಸರಿಯಾಗಿರುವುದೇ ನನಗೆ ಅನುಮಾನ. ಅದಕ್ಕೇ ದಿನವೂ ಬಾಗಿಲ ಬಳಿ ನಿಂತು ನೋಡುತ್ತಿದ್ದೇನೆ. ನಾನು ನಿಂತರೆ ಸಾಕು, ಅವನು ಅಳೆಯುವ ಅಕ್ಕಿ ನೆಲಕ್ಕೆ ಚೆಲ್ಲುತ್ತದೆ. ಮೊನ್ನೆ ಪಂಕ್ತಿಯಲ್ಲಿ ಕಳ್ಳತನದ ಮಾತು ತೆಗೆದೆ. ಅವನು ತಲೆ ತಗ್ಗಿಸಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ! ಅವನನ್ನು ಇಂದೇ ಆಶ್ರಮದಿಂದ ಕಳಿಸಿಬಿಡಿ."

ಗುರುಗಳು ಸನ್ಯಾಸಕ್ಕೆ ಮೊದಲು ವಾದ್ಯಗೋಷ್ಠಿಯೊಂದರ ಜೊತೆ ಊರೂರು ತಿರುಗಿದವರು. ಅವರ ದೃಷ್ಟಾಂತಗಳಲ್ಲಿ ರಾಜರೂ ಋಷಿಗಳೂ ಬರುವುದು ಕಡಿಮೆ. "ಕೂತುಕೋ. ಕಳಿಸುವುದು ಎರಡು ನಿಮಿಷದ ಕೆಲಸ. ಕತೆ ಅದಕ್ಕಿಂತ ಸ್ವಲ್ಪ ಉದ್ದ," ಎಂದು ಹೇಳತೊಡಗಿದರು.

ಒಬ್ಬ ಗಿಟಾರ್ ವಾದಕನಿದ್ದ. ಅವನ ಬಳಿ ಗಿಟಾರಿನ ದನಿ ಹಿಗ್ಗಿಸುವ ಒಂದು ಹಳೆಯ ವಾಲ್ವ್ ಆಂಪ್ಲಿಫೈಯರ್ ಇತ್ತು. ಒಳಗಿನ ಗಾಜಿನ ವಾಲ್ವುಗಳು ಕೆಂಪಗೆ ಕಾದ ಮೇಲೆಯೇ ಅದು ದನಿ ತೆಗೆಯುವುದು. ಅಂಥದ್ದನ್ನು ಬಿಚ್ಚಿ ಜೋಡಿಸಬಲ್ಲ ರಿಪೇರಿಯವನು ಆ ಸೀಮೆಗೆಲ್ಲ ಒಬ್ಬನೇ. ಒಮ್ಮೆ ದನಿ ಒಡೆಯುತ್ತಿದೆಯೆಂದು ವಾದಕ ಅದನ್ನು ಅವನ ಅಂಗಡಿಯಲ್ಲಿ ಬಿಟ್ಟುಬಂದ. ವಾರದಲ್ಲಿ ಸರಿಯಾಗಿ ಬಂತು. ಎಷ್ಟು ಚೆನ್ನಾಗಿ ಬಂತೆಂದರೆ, ಮೊದಲ ಸಲ ನುಡಿಸಿದಾಗ ವಾದಕನ ಕಣ್ಣು ತುಂಬಿತು.

ಅವನ ಮೇಳದಲ್ಲಿ ಡ್ರಮ್ ಬಾರಿಸುವವನು ತಲೆಗೆ ಹುಳ ಬಿಟ್ಟ. "ವಾಲ್ವು ನೋಡ್ಕೊಂಡ್ಯಾ? ಒಳ್ಳೇದು ತಾವಿಟ್ಕೊಂಡು ಹಳೇದು ಕೂರಿಸಿ ಕಳಿಸ್ತಾರೆ ಈ ಜನ."

ವಾದಕ ಮನೆಗೆ ಹೋದವನೇ ಆಂಪ್ಲಿಫೈಯರಿನ ಹಿಂಬದಿಯ ಹಲಗೆ ಬಿಚ್ಚಿದ. ವಾಲ್ವುಗಳಿದ್ದವು. ಅವು ತನ್ನವೇ ಹೌದೋ ಅಲ್ಲವೋ ತಿಳಿಯಲಿಲ್ಲ. ತಿಳಿಯುವುದಾದರೂ ಹೇಗೆ? ಮಹಾರಾಯ ಮೊದಲೊಮ್ಮೆಯೂ ಅವನ್ನು ನೋಡಿರಲಿಲ್ಲ. ಮರುದಿನ ಮತ್ತೆ ಬಿಚ್ಚಿದ. ಮೂರನೆಯ ದಿನವೂ ಬಿಚ್ಚಿದ. ಹೇಗಿದ್ದರೂ ನಾಳೆ ಪುನಃ ಬಿಚ್ಚಬೇಕಲ್ಲ ಎಂದು ಸ್ಕ್ರೂಗಳನ್ನು ಪೂರ್ತಿ ಬಿಗಿಯದೆ ಅರ್ಧಕ್ಕೇ ಬಿಟ್ಟ.

ನಾಲ್ಕನೆಯ ದಿನ ದಪ್ಪ ತಂತಿ ಮೀಟಿದಾಗ ಮಂದ್ರ ಸ್ವರದ ಜೊತೆ ಗರಗರ ಎಂಬ ಅದುರು ಕೇಳಿಸಿತು. ತೆಳು ತಂತಿಗೆ ಇಲ್ಲ, ದಪ್ಪ ತಂತಿಗೆ ಮಾತ್ರ. ನುಡಿಸುವವನಿಗೆ ಅದನ್ನು ಕೇಳಿ ದುಃಖವಾಗಬೇಕಿತ್ತು. ಇವನಿಗೆ ಖುಷಿಯಾಯಿತು. ಸಿಕ್ಕಿಬಿದ್ದ ಕಳ್ಳ, ಎಂದುಕೊಂಡ.

ಕೆಟ್ಟ ವಾಲ್ವನ್ನು ಮೆಲ್ಲಗೆ ತಟ್ಟಿದರೆ ಸ್ಪೀಕರಿನಲ್ಲಿ ಟಣ್ ಎನ್ನುತ್ತದೆ ಎಂದು ಯಾರೋ ಹೇಳಿದ್ದರು. ಪೆನ್ಸಿಲಿನಿಂದ ಒಂದೊಂದನ್ನೇ ತಟ್ಟಿದ. ಒಂದೂ ಸದ್ದು ಮಾಡಲಿಲ್ಲ. ದನಿಯನ್ನು ಪೂರ್ತಿ ಏರಿಸಿ, ಇನ್ನೂ ಜೋರಾಗಿ ತಟ್ಟಿದ. ಎಲ್ಲವೂ ಟಣ್ ಎಂದವು; ಹಾಗೆ ತಟ್ಟಿದರೆ ಒಳ್ಳೆಯ ವಾಲ್ವೂ ಎನ್ನುತ್ತದೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಒಂದಲ್ಲ, ಎಲ್ಲವನ್ನೂ ಬದಲಿಸಿದ್ದಾನೆ ಎಂದು ತೀರ್ಮಾನಿಸಿ, ಗಿಟಾರನ್ನೂ ಆಂಪ್ಲಿಫೈಯರನ್ನೂ ಹೊತ್ತುಕೊಂಡು ಅಂಗಡಿಗೆ ಹೋದ. ಅಲ್ಲಿ ನಾಲ್ಕು ಜನರೆದುರು ರಿಪೇರಿಯವನನ್ನು ಕಳ್ಳ ಎಂದು ಕರೆದ.

ರಿಪೇರಿಯವನ ಮುಖ ಕಪ್ಪಿಟ್ಟಿತು. ಅವನು ದಪ್ಪ ತಂತಿ ಮೀಟಲು ಹೇಳಿದ. ಅದುರು ಬಂತು. ಹಿಂಬದಿಯ ಹಲಗೆಯ ಮೇಲೆ ಅಂಗೈ ಒತ್ತಿದ. ಅದುರು ನಿಂತಿತು. ಕೈ ತೆಗೆದ. ಮತ್ತೆ ಬಂತು. ಸ್ಕ್ರೂಡ್ರೈವರ್ ತೆಗೆದುಕೊಂಡು ಸ್ಕ್ರೂಗಳನ್ನೆಲ್ಲ ಬಿಗಿದ. ಇನ್ನೊಮ್ಮೆ ಮೀಟಿದಾಗ ಮಂದ್ರ ತಿಳಿಯಾಗಿತ್ತು.

"ಇದನ್ನ ಬಿಚ್ಚಿದ್ದು ಯಾರು?"

"ನಾನೇ," ಎಂದ ವಾದಕ. ನಾಚಿಕೆಯಿಂದ ಅವನಿಗೆ ತಲೆ ಎತ್ತಲಾಗಲಿಲ್ಲ. "ತಪ್ಪಾಯ್ತಣ್ಣ. ಇನ್ಮುಂದೂ ಇದನ್ನ ನೀವೇ ನೋಡ್ಕೋಬೇಕು."

"ನೋಡ್ಕೊಡ್ತೀನಿ. ಆದ್ರೆ ಅಂಗಡೀಲಿ ಬಿಟ್ಟುಹೋಗೋ ಹಾಗಿಲ್ಲ. ಕೆಲಸ ಮುಗಿಯೋವರೆಗೂ ನೀವು ಎದುರಿಗೇ ಕೂತಿರ್ಬೇಕು. ನೀವಿಲ್ದೆ ನಾನು ಇದನ್ನ ಮುಟ್ಟಲ್ಲ."

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು. ಮಹಾಂತನ ಮನಸ್ಸು ಒಪ್ಪಲಿಲ್ಲ.

"ಆ ರಿಪೇರಿಯವನು ಸಾಚಾ, ಒಪ್ಪಿದೆ. ಚನ್ನವೀರನೂ ಹಾಗೆಯೇ ಎಂದು ಹೇಗೆ ನಂಬುವುದು? ತಪ್ಪಿಲ್ಲದವನಾಗಿದ್ದರೆ ಅವನು ನಿಮ್ಮ ಬಳಿ ಬಂದು ಒಂದು ಮಾತಾದರೂ ಹೇಳುತ್ತಿರಲಿಲ್ಲವೇ?"

"ಬೆಳಿಗ್ಗೆ ಬಂದಿದ್ದ," ಎಂದರು ಗುರುಗಳು, "ಇನ್ನು ಮೇಲೆ ಉಗ್ರಾಣಕ್ಕೆ ಒಬ್ಬನೇ ಹೋಗಲಾರೆ, ಮಹಾಂತನನ್ನೇ ಜೊತೆಗೆ ಕಳಿಸಿ ಎಂದು ಬೇಡಿಕೊಂಡ."